412 ಫೋಟೋ ಸೇವ್, ಮುಗಿದಿದ್ದು ಒಂದು ಕೀ ಚೈನ್: ಕ್ರೋಶಾ ಡಿಸೈನ್ ಹುಡುಕೋದು ಎಲ್ಲಿ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಫೋನಿನ ‘ಕ್ರೋಶಾ’ ಫೋಲ್ಡರ್ ತೆಗೆದು ಎಣಿಸಿದೆ. 412 ಫೋಟೋ ಇದ್ದವು. ಸೇವ್ ಮಾಡಿಟ್ಟ ರೀಲ್ಸ್ ಬೇರೆ. ನಾನು ಕ್ರೋಶಾ ಕಲಿತು ಆಗ ಎರಡು ವರ್ಷ ಆಗಿತ್ತು. ಅಷ್ಟರಲ್ಲಿ ಮುಗಿಸಿದ್ದು ಏನು ಅಂತ ನೋಡಿದ್ರೆ ಒಂದು ಕೀ ಚೈನ್. ಮತ್ತೊಂದು ಸ್ವೆಟರಿನ ಒಂದು ತೋಳು. ಇನ್ನೊಂದು ತೋಳು ಇಲ್ಲ, ಸ್ವೆಟರೂ ಇಲ್ಲ.

ನಗ್ತಿದ್ದೀರಿ ಅಂತ ಗೊತ್ತು. ನಿಮ್ಮ ಫೋನ್ ತೆಗೆದು ನೋಡಿ, ಆಮೇಲೆ ನಗಿ.

ಇವತ್ತಿನ ಮಾತು ಅದರ ಬಗ್ಗೆನೇ. ಮುಂದೇನು ಹೆಣೀಲಿ ಅನ್ನೋ ಪ್ರಶ್ನೆಗೆ ಉತ್ತರ ಎಲ್ಲಿ ಸಿಗುತ್ತೆ? ನನಗೆ ಅದು ಸಿಕ್ಕಿದ್ದು ಫೋನಲ್ಲಲ್ಲ, ನಮ್ಮ ದೇವರ ಕೋಣೆ ಬಾಗಿಲ ಮೇಲೆ. ಹೇಗೆ ಅಂತ ಹೇಳ್ತೀನಿ.

ಅಕ್ಕ ಕೇಳಿದ್ದು ಒಂದೇ

ನಾನು ಸಿಂದಗಿಯವಳು. ಅವ್ವನ ತವರು ಇಂಡಿ. ಅಪ್ಪನ ತಾಯಿ, ಅಂದ್ರೆ ನಮ್ಮ ಆಯಿ, ಹುಟ್ಟಿದ್ದು ಬಸವನಬಾಗೇವಾಡಿಯಲ್ಲಿ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಅಕ್ಕನನ್ನು ಮುದ್ದೇಬಿಹಾಳಕ್ಕೆ ಕೊಟ್ವಿ. ವಿಜಯಪುರ ಜಿಲ್ಲೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಎಲ್ಲರ ಮನೆಯಲ್ಲೂ ನಾಲ್ಕು ತಾಲ್ಲೂಕಿನ ನೆಂಟರು ಇದ್ದೇ ಇರ್ತಾರೆ. ಆದರೆ ಈ ನಾಲ್ಕು ಊರಿನ ಹೆಸರು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮದುವೆ ಗೊತ್ತಾದ ವಾರ ಅಕ್ಕ ನನ್ನ ಪಕ್ಕ ಬಂದು ಕೂತು ಹೇಳಿದಳು: “ಆಯಿ ಹೆಣದ ಗಿಳಿ ತೋರಣ ಐತಲ್ಲ, ಅಂಥಾದ್ದೊಂದು ನನಗ ಮಾಡಿಕೊಡು. ಅಲ್ಲಿ ದೇವರ ಕೋಣಿ ಬಾಗಲಕ್ಕ ಹಾಕ್ತೀನಿ.”

ಆ ತೋರಣ ನಮಗೆ ಹುಟ್ಟಿದಾಗಿನಿಂದ ಗೊತ್ತು. ಬಿಳಿ ಹತ್ತಿ ದಾರದ್ದು. ಸಾಲಾಗಿ ಐದು ಗಿಳಿ, ಕೆಳಗೆ ಗೊಂಡೆ. ಹಬ್ಬಕ್ಕೊಮ್ಮೆ ಇಳಿಸಿ ಒಗೆದು ಮತ್ತೆ ಕಟ್ತಿದ್ವಿ. ಕಟ್ಟುವಾಗಲೂ ಯಾರೂ ಅದನ್ನ ಸರಿಯಾಗಿ ನೋಡಿರಲಿಲ್ಲ.

ಆಯಿಗೆ ಕೇಳಿದೆ, ನೀನೇ ಇನ್ನೊಂದು ಹೆಣಿತಿಯಾ ಅಂತ. ಅವಳಿಗೆ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಮಂಜು. “ಬಿಳೇ ದಾರ ಕಾಣವಲ್ದು ಯವ್ವಾ. ಕಡ್ಡಿ ತುದಿ ಎಲ್ಲೈತಿ ಅನ್ನೂದ ಗೊತ್ತಾಗೂದಿಲ್ಲ” ಅಂದಳು. ಡಿಸೈನ್ ಎಲ್ಲಾದರೂ ಬರೆದಿಟ್ಟಿದ್ದೀಯಾ ಅಂದ್ರೆ, “ಬರಿಯೂದು ಏನ ಇರತೈತಿ ಅದರಾಗ?” ಅಂದಳು.

ನಾನು ಧೈರ್ಯವಾಗಿ ಹೇಳಿದೆ, ಬಿಡು ಆಯಿ, ಫೋನಲ್ಲಿ ಎಲ್ಲಾ ಸಿಗುತ್ತೆ.

ಫೋನಲ್ಲಿ ಸಿಕ್ಕಿದ್ದು

ಮೂರು ವಾರ ಹುಡುಕಿದೆ. ಗಿಳಿ ಅಂದ್ರೆ ಹತ್ತಿ ತುಂಬಿದ ಬೊಂಬೆ ಗಿಳಿ ಬರುತ್ತೆ. ತೋರಣ ಅಂದ್ರೆ ಉಲ್ಲನ್ ಹೂವಿನ ಸರ ಬರುತ್ತೆ. ನಮ್ಮ ಮನೆಯ ಗಿಳಿ ಮಾತ್ರ ಎಲ್ಲೂ ಇಲ್ಲ. ಆದರೆ ಹುಡುಕೋವಾಗ ಕಣ್ಣಿಗೆ ಬೇರೆ ಏನೋ ಬೀಳುತ್ತಲ್ಲ, ನನಗೆ ಒಂದು ನವಿಲು ಬಿತ್ತು. ನೀಲಿ, ಹಸಿರು, ಬಂಗಾರದ ಬಣ್ಣ, ಗರಿ ಗರಿಯೂ ಬಿಡಿಬಿಡಿಯಾಗಿ ಕಾಣ್ತಿತ್ತು. ಪ್ಯಾಟರ್ನ್ ಪಿಡಿಎಫ್‌ಗೆ 249 ರೂಪಾಯಿ. ಕೊಟ್ಟೆ. ಉಲ್ಲನ್‌ಗೆ ಮತ್ತೆ 600 ಹೋಯ್ತು. ಹದಿನಾಲ್ಕು ಸುತ್ತು ಹೆಣೆದ ಮೇಲೆ ಕೈಯಲ್ಲಿ ಇದ್ದದ್ದು ನವಿಲಲ್ಲ, ಹಾಗಲಕಾಯಿ.

ಆಮೇಲೆ ಗೊತ್ತಾಯ್ತು. ಆ ಫೋಟೋ ಎಐ ಮಾಡಿದ್ದು. ಅಂಥ ನವಿಲನ್ನ ಯಾರೂ ಯಾವತ್ತೂ ಹೆಣೆದೇ ಇಲ್ಲ. ಈಗ ಅಂಥ ಚಿತ್ರಗಳು ತುಂಬಾ ಓಡಾಡ್ತಿವೆ. ಹಾಗಾಗಿ ದುಡ್ಡು ಕೊಡೋ ಮೊದಲು ಇಷ್ಟು ನೋಡಿ.

ಒಂದು, ಫೋಟೋ ಝೂಮ್ ಮಾಡಿ. ನಿಜವಾದ ಕ್ರೋಶಾದಲ್ಲಿ ಒಂದು ಹೊಲಿಗೆ ಕೆಳಗಿನ ಸಾಲಿನ ಹೊಲಿಗೆಯ ಮೇಲೆ ಕೂತಿರುತ್ತೆ, ಸಾಲು ಎಣಿಸೋಕೆ ಬರುತ್ತೆ. ಎಐ ಚಿತ್ರದಲ್ಲಿ ಹೊಲಿಗೆ ಒಂದರೊಳಗೊಂದು ಕರಗಿ ಹೋಗಿರುತ್ತೆ. ಕೆಲವು ಕಡೆ ಕ್ರೋಶಾನೂ ಅಲ್ಲ, ಎರಡು ಕಡ್ಡಿಯ ನಿಟಿಂಗ್ ಥರ ಕಾಣುತ್ತೆ. ಎರಡು, ಅರ್ಧ ಆದ ಕೆಲಸದ ಫೋಟೋ, ಹಿಂಭಾಗದ ಫೋಟೋ ಇದೆಯಾ ನೋಡಿ. ಮೂರು, ಯಾವ ದಾರ, ಎಷ್ಟನೇ ನಂಬರಿನ ಕಡ್ಡಿ, ಮುಗಿದ ಮೇಲೆ ಅಳತೆ ಎಷ್ಟು ಅಂತ ಬರೆದಿದ್ದಾರಾ? ನಾಲ್ಕು, ಬೇರೆ ಯಾರಾದರೂ ಅದನ್ನ ಹೆಣೆದು ತೋರಿಸಿದ್ದಾರಾ? ನಾಲ್ಕಕ್ಕೂ ಇಲ್ಲ ಅಂತಾದ್ರೆ ಮುಂದೆ ಸ್ಕ್ರಾಲ್ ಮಾಡಿ.

ಫೋನ್ ಬೇಡ ಅಂತ ನಾನು ಹೇಳ್ತಿಲ್ಲ. ನಾನು ಕೈ ತಿರುಗಿಸೋದು ಕಲಿತಿದ್ದೇ ವಿಡಿಯೋ ನೋಡಿ. ಇನ್ನೊಂದು ಉಪಯೋಗದ ಮಾತು: ಬರಹದ ಬದಲು ಚಾರ್ಟ್ ಇರೋ ಡಿಸೈನ್ ಹುಡುಕಿ. ಸೊನ್ನೆ, ಅಡ್ಡಗೆರೆ, ಕಂಬದ ಗುರುತುಗಳಿರುತ್ತವಲ್ಲ, ಅದು. ಜಪಾನಿನ ಕ್ರೋಶಾ ಪುಸ್ತಕಗಳು ಬಹುತೇಕ ಚಾರ್ಟ್‌ನಲ್ಲೇ ಇರ್ತವೆ, ಜಪಾನಿ ಭಾಷೆ ಒಂದಕ್ಷರ ಬರದಿದ್ದರೂ ಹೆಣೆಯಬಹುದು. ಇಂಗ್ಲಿಷ್ ಬರಹ ಓದೋದಾದ್ರೆ ಅಮೆರಿಕದ ಹೆಸರೋ ಬ್ರಿಟನ್ನಿನ ಹೆಸರೋ ಅಂತ ಮೊದಲು ನೋಡಿ. ಅಮೆರಿಕದವರು ಡಬಲ್ ಕ್ರೋಶೆ ಅನ್ನೋದನ್ನ ಬ್ರಿಟನ್ನಿನವರು ಟ್ರೆಬಲ್ ಅಂತಾರೆ. ಇದು ಗೊತ್ತಿಲ್ಲದೆ ಹೆಣೆದರೆ ಟೊಪ್ಪಿಗೆ ಹೋಗಿ ಬಟ್ಟಲಾಗುತ್ತೆ.

ಆದ್ರೂ ಒಂದು ಪ್ರಶ್ನೆ ಉಳೀತು. ನನ್ನ 412 ಫೋಟೋದಲ್ಲಿ ಹೆಚ್ಚಿನವು ಏನು ಗೊತ್ತಾ? ಸ್ವೆಟರ್, ಶಾಲು, ಮಫ್ಲರ್, ದಪ್ಪ ದಪ್ಪ ಹೊದಿಕೆ. ಎಲ್ಲಾ ಹಿಮ ಬೀಳೋ ದೇಶದವು. ಸಿಂದಗಿಯಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತೆ. ಉಲ್ಲನ್ ಅಂತ ನಾವು ಕೊಳ್ಳೋದು ಬಹುತೇಕ ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ನೂಲು, ಬೆವರು ಹೀರೋದೇ ಇಲ್ಲ. ನನ್ನ ಸ್ವೆಟರ್ ಯಾಕೆ ಒಂದು ತೋಳಿಗೆ ನಿಂತಿತು ಅಂದ್ರೆ ಸೋಮಾರಿತನ ಒಂದೇ ಕಾರಣ ಅಲ್ಲ. ಆ ಸ್ವೆಟರ್ ಹಾಕೋರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ತೋರಣ ಎಣಿಸಿದ್ದು

ಕೊನೆಗೆ ಏಪ್ರಿಲ್ ಮೂರನೇ ವಾರ ಸ್ಟೂಲ್ ಹತ್ತಿ ತೋರಣ ಕೆಳಗಿಳಿಸಿದೆ. ಅವ್ವನ ಕಡು ಹಸಿರು ಸೀರೆ ನೆಲಕ್ಕೆ ಹಾಸಿ ಅದರ ಮೇಲೆ ಹರಡಿದೆ. ಅಲ್ಲಿವರೆಗೆ ಬಿಳಿ ಬಟ್ಟೆಯಂತೆ ಕಾಣ್ತಿದ್ದದ್ದು ಆಗ ಚೌಕ ಚೌಕವಾಗಿ ಕಾಣಿಸ್ತು. ಖಾಲಿ ಮನೆ, ತುಂಬಿದ ಮನೆ. ತುಂಬಿದ ಮನೆಗಳೆಲ್ಲ ಸೇರಿದ್ರೆ ಗಿಳಿ.

ಈ ಹೆಣಿಕೆಗೆ ಫಿಲೆ ಕ್ರೋಶೆ ಅಂತಾರೆ. ಲೆಕ್ಕ ಬಹಳ ಸುಲಭ. ಒಂದು ಖಾಲಿ ಮನೆ ಅಂದ್ರೆ ಒಂದು ಉದ್ದ ಹೊಲಿಗೆ, ಎರಡು ಚೈನ್. ತುಂಬಿದ ಮನೆ ಅಂದ್ರೆ ಮೂರೂ ಉದ್ದ ಹೊಲಿಗೆಗಳೇ. ಆ ಉದ್ದ ಹೊಲಿಗೆಗೆ ಆಯಿ ‘ಕಂಬ’ ಅಂತಾಳೆ, ಅಮೆರಿಕದವರ ಡಬಲ್ ಕ್ರೋಶೆ ಅದೇ. ಅಂದ್ರೆ ಚೌಕಳಿ ಹಾಳೆಯಲ್ಲಿ ಬರೆಯೋಕೆ ಬರೋ ಚಿತ್ರ ಯಾವುದೇ ಇರಲಿ, ಅದನ್ನ ಹೆಣೆಯೋಕೂ ಬರುತ್ತೆ.

ತಮ್ಮನ ಗಣಿತದ ಚೌಕಳಿ ನೋಟ್‌ಬುಕ್ ತಗೊಂಡೆ. ತೋರಣದ ಫೋಟೋ ನೇರ ಮೇಲಿಂದ ತೆಗೆದು ಫೋನಲ್ಲಿ ದೊಡ್ಡದು ಮಾಡಿ, ಪ್ರತಿ ಹತ್ತನೇ ಸಾಲಿಗೆ ಕೆಂಪು ದಾರ ಪೋಣಿಸಿ, ಎಣಿಸ್ತಾ ಹೋದೆ. ಒಂದು ಗಿಳಿ 25 ಮನೆ ಅಗಲ. ಗಿಳಿಗಳ ನಡುವೆ 4 ಮನೆ, ಎರಡು ಅಂಚಿಗೂ ನಾಲ್ಕು ನಾಲ್ಕು. ಒಟ್ಟು 149 ಮನೆ. ಮನೆಗೆ ಮೂರು ಹೊಲಿಗೆ, ಕೊನೆಯ ಕಂಬಕ್ಕೆ ಒಂದು, ಅಂದ್ರೆ ಒಂದು ಸಾಲಿಗೆ 448. ಅಂಥ 34 ಸಾಲು. ಇದನ್ನ ಆಯಿ ಒಂದಕ್ಷರ ಬರೆಯದೆ ಮಾಡಿದ್ದಳು.

ಎರಡು ಕಡೆ ತೊಡಕಾಯ್ತು. ಮೊದಲನೆಯದು, ಮೂರನೇ ಗಿಳಿಯ ಕೊಕ್ಕಿನ ಹತ್ತಿರ ದಾರ ಹರಿದು ಮನೆಗಳು ಕಲಸಿ ಹೋಗಿದ್ದವು, ಉಳಿದ ಗಿಳಿಗಳ ಕೊಕ್ಕು ಒಂದೊಂದು ಒಂದೊಂದು ಥರ ಇದ್ದವು. ಸರಿ ಯಾವುದು? ಆಯಿಗೆ ಕೇಳಿದ್ರೆ ಬಾಯಲ್ಲಿ ಹೇಳೋಕೆ ಬರಲಿಲ್ಲ. “ಕೈಗೆ ಬರತಿತ್ತು, ಬಾಯಿಗೆ ಹೆಂಗ ಬಂದೀತು” ಅಂದಳು. ಆಗ ನವಿಲಿಗೆ ತಂದಿದ್ದ ದಪ್ಪ ಉಲ್ಲನ್ ನೆನಪಾಯ್ತು. ಕಡು ನೀಲಿ ಬಣ್ಣ, 4 ಮಿಲಿಮೀಟರ್ ಕಡ್ಡಿ. ಆಯಿ ಕೈಗೆ ಕೊಟ್ಟು ಬಾಗಿಲ ಬೆಳಕಿಗೆ ಕೂರಿಸಿದೆ. ಮೊದಲು ಎರಡು ಸಲ ಬಿಚ್ಚಿದಳು. ಮೂರನೇ ಸಲ ಕಣ್ಣು ನನ್ನ ಕಡೆ ಇಟ್ಕೊಂಡು, ಬೆರಳಿಂದ ಮನೆ ಮುಟ್ಟಿ ಮುಟ್ಟಿ ನೋಡ್ತಾ ಹೆಣೆದಳು. “ಎರಡು ತುಂಬು, ಒಂದು ಬಿಡು, ಮತ್ತ ಒಂದು ತುಂಬು...” ನಾನು ಪಕ್ಕದಲ್ಲಿ ಕೂತು ಬರ್ಕೊಂಡೆ. ಸಂಜೆ ಹೊತ್ತಿಗೆ ಅಂಗೈ ಮೂರರಷ್ಟು ದೊಡ್ಡದಾದ ನೀಲಿ ಗಿಳಿಯ ತಲೆ ಆಯ್ತು. ಕೊಕ್ಕು ಸಿಕ್ತು.

ಎರಡನೇ ತೊಡಕು ಐದನೇ ಗಿಳಿ. ಅದರ ಬಾಲ ಎರಡು ಸಾಲು ಗಿಡ್ಡ ಇತ್ತು. ಏನಾದರೂ ಅರ್ಥ ಇರಬೇಕು, ಹಳೇ ಕಾಲದ ನಂಬಿಕೆ ಇರಬೇಕು ಅಂತ ನಾನು ದೊಡ್ಡದಾಗಿ ಯೋಚನೆ ಮಾಡಿ ಕೇಳಿದೆ. ಆಯಿ ಹೇಳಿದಳು: “ದಾರ ಮುಗದಿತ್ತು.”

ಅಷ್ಟೇ. ಸರಿಯಾಗಿ ನೋಡಿದ್ರೆ ಕೆಳಗಿನ ಅಂಚಿನ ದಾರವೂ ಬೇರೆ, ಸ್ವಲ್ಪ ಹಳದಿ ಬಿಳಿ. ಅಂಗಡಿಯಲ್ಲಿ ಅದೇ ನಂಬರಿನ ದಾರ ಸಿಕ್ಕಿದ್ರೂ ಬಣ್ಣ ಹಾಕಿದ ಲಾಟ್ ಬೇರೆ ಆದ್ರೆ ಛಾಯೆ ಬೇರೆ ಬರುತ್ತೆ. ಇವತ್ತಿಗೂ ಹಾಗೇ. ಲೇಬಲ್ ಮೇಲೆ ಲಾಟ್ ನಂಬರ್ ಇರುತ್ತೆ, ಒಂದೇ ನಂಬರಿನವು ಒಂದು ಉಂಡೆ ಹೆಚ್ಚಿಗೇ ತಗೊಳ್ಳಿ.

ಗಿಳಿ ಎಲ್ಲಿಂದ ಬಂತು?

ನೀಲಿ ಗಿಳಿ ಹೆಣೀತಾ ಆಯಿ ಇನ್ನೊಂದು ವಿಷಯ ಹೇಳಿದಳು. ಈ ಡಿಸೈನ್ ಅವಳದ್ದಲ್ಲ. ಬಾಗೇವಾಡಿಯಲ್ಲಿ ಅವಳು ಹುಡುಗಿ ಆಗಿದ್ದಾಗ ಪಕ್ಕದ ಮನೆಗೆ ಇಂಡಿ ಕಡೆಯಿಂದ ಒಬ್ಬ ಸೊಸೆ ಬಂದಿದ್ದಳಂತೆ. ಆಕೆಯ ಟ್ರಂಕಿನಲ್ಲಿ ಗಿಳಿ ತೋರಣ ಇತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಟ್ಟೆಗೆ ಕೂತು ಓಣಿಯ ನಾಲ್ಕು ಹುಡುಗಿಯರು ಅದನ್ನ ನೋಡಿ ನೋಡಿ ಕಲಿತರು. ಆಯಿ ಮದುವೆಯಾಗಿ ಸಿಂದಗಿಗೆ ಬಂದಾಗ ಗಿಳಿ ಜೊತೆಗೆ ಬಂತು.

ಈಗ ಆ ನಾಲ್ಕು ಊರು ನೆನಪು ಮಾಡ್ಕೊಳ್ಳಿ. ಇಂಡಿಯಿಂದ ಬಾಗೇವಾಡಿ, ಅಲ್ಲಿಂದ ಸಿಂದಗಿ, ಈಗ ಮುದ್ದೇಬಿಹಾಳ. ನಾವು ರೀಲ್ಸ್ ಫಾರ್ವರ್ಡ್ ಮಾಡ್ತೀವಲ್ಲ, ಅವರು ಡಿಸೈನನ್ನ ಹಾಗೇ ಕಳಿಸ್ತಿದ್ದರು, ಟ್ರಂಕಿನಲ್ಲಿಟ್ಟು. ಆದರೆ ಇದರಲ್ಲಿ ಒಂದು ಕಷ್ಟ ಇದೆ. ಎಲ್ಲೂ ಬರೆದಿರಲಿಲ್ಲ. ಒಬ್ಬರು ಕಲಿಯದೇ ಹೋದ್ರೆ ಅಲ್ಲಿಗೆ ಮುಗೀತು. ಆಯಿಯ ಕಣ್ಣು ಇನ್ನೊಂದು ವರ್ಷ ಕೆಟ್ಟಿದ್ದರೆ, ಅಥವಾ ತೋರಣ ಇಲಿ ಕಡಿದು ನಾವು ಎಸೆದಿದ್ದರೆ, ಆ ಕೊಕ್ಕು ನನಗೆ ಸಿಗ್ತಿರಲಿಲ್ಲ.

ಆಮೇಲೆ ನಾನು ಡಿಸೈನ್ ಹುಡುಕೋ ರೀತಿನೇ ಬದಲಾಯ್ತು. ಮೂರು ಪ್ರಶ್ನೆ ಮೊದಲು ಕೇಳ್ಕೋತೀನಿ. ಯಾರಿಗೆ? ಎಲ್ಲಿ ಇರುತ್ತೆ ಅದು? ಕೈಯಲ್ಲಿ ಯಾವ ದಾರ ಇದೆ? ಮೂರಕ್ಕೂ ಉತ್ತರ ಬಂದ ಮೇಲೆ ಚಿತ್ರ. ಮೊದಲು ಚಿತ್ರ ನೋಡಿದ್ರೆ ಮತ್ತೆ ಸ್ವೆಟರ್ ತೋಳೇ ಗತಿ.

ಚಿತ್ರ ಎಲ್ಲೆಲ್ಲಿದೆ

ಇಂಡಿಯಲ್ಲಿ ನಮ್ಮ ಚಿಗವ್ವ ಸೀರೆಗೆ ಕುಚ್ಚು ಹಾಕ್ತಾಳೆ. ಸೆರಗಿನ ಅಂಚಿಗೆ ಕ್ರೋಶಾ ಕಡ್ಡಿಯಿಂದ ರೇಷ್ಮೆ ದಾರ ಎತ್ತಿ, ಚೈನಿನ ಕಮಾನು ಮಾಡಿ, ಮಣಿ ಸೇರಿಸಿ, ಕೆಳಗೆ ಗೊಂಡೆ ಕಟ್ಟೋದು. ಕರ್ನಾಟಕದಲ್ಲಿ ಇವತ್ತು ಕ್ರೋಶಾದಿಂದ ಮನೆಯಲ್ಲಿ ಕೂತು ದುಡಿಯೋ ಹೆಣ್ಮಕ್ಕಳಲ್ಲಿ ತುಂಬಾ ಜನ ಮಾಡೋದು ಇದೇ ಕೆಲಸ. ಬಂದೋರು ಫೋನ್ ಮುಂದೆ ಹಿಡಿದು “ಸೇಮ್ ಹಿಂಗ ಮಾಡ್ರಿ” ಅಂತಾರೆ. ಚಿಗವ್ವ ಹೇಳೋದು ಒಂದೇ ಮಾತು: “ಫೋನ್ ಆಮ್ಯಾಲ ತೋರಸ್ರಿ, ಮೊದಲ ಸೀರಿ ತೋರಸ್ರಿ.”

ಅವಳು ಸೀರೆಯ ಅಂಚು ನೋಡ್ತಾಳೆ. ಅಂಚಿನಲ್ಲಿ ಗೋಪುರದ ಸಾಲಿದ್ರೆ ಕಮಾನು ಚೂಪಾಗುತ್ತೆ, ಬಳ್ಳಿ ಇದ್ರೆ ದುಂಡಗಾಗುತ್ತೆ. ಸೆರಗಿನ ಬಣ್ಣ ಒಂದು, ಮೈಬಣ್ಣ ಒಂದು, ಎರಡೇ ಬಣ್ಣದ ದಾರ. ಅವಳ ಡಿಸೈನ್ ಪುಸ್ತಕ ಅಂದ್ರೆ ಬಂದ ಸೀರೆಗಳೇ.

ಇಳಕಲ್ ಸೀರೆ ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಹೇಳಿ. ಅದರ ಕೆಂಪು ಸೆರಗಿನ ಬಿಳಿ ಚಿತ್ರ ನೋಡಿ. ಬಾಚಣಿಗೆ ಹಲ್ಲಿನಂಥದ್ದು, ಕೋಟೆ ಗೋಡೆಯ ಹಲ್ಲಿನಂಥದ್ದು, ಜೋಳದ ತೆನೆಯಂಥದ್ದು. ಮೂರೂ ಕ್ರೋಶಾ ಅಂಚಿಗೆ ಹೇಳಿ ಮಾಡಿಸಿದ ಹಾಗಿವೆ. ಆ ಸೀರೆಯಲ್ಲಿ ಮೈಯ ಹಾಸು ಎಳೆಗಳನ್ನ ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸ್ತಾರೆ. ಕ್ರೋಶಾ ಅಂದ್ರೂ ಕುಣಿಕೆಯೊಳಗೆ ಕುಣಿಕೆ ತಾನೇ.

ಕಸೂತಿ ಇನ್ನೂ ಹತ್ತಿರ. ಕಸೂತಿ ಹಾಕೋರು ಬಟ್ಟೆ ಮೇಲೆ ಚಿತ್ರ ಬರೆಯೋದಿಲ್ಲ, ಎಳೆ ಎಣಿಸ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲಾ ಎಣಿಕೆಯಲ್ಲೇ ಬರೋದು. ಎಣಿಸಿ ಮಾಡಿದ್ದನ್ನ ಚೌಕಳಿ ಹಾಳೆಗೆ ಇಳಿಸೋದು ಸುಲಭ, ಹಾಳೆಯಿಂದ ಕ್ರೋಶಾಗೆ ಇನ್ನೂ ಸುಲಭ. ಒಂದೇ ಎಚ್ಚರಿಕೆ: ಓರೆ ಗೆರೆ ಫಿಲೆ ಕ್ರೋಶೆಯಲ್ಲಿ ಓರೆಯಾಗಿ ಬರಲ್ಲ, ಮೆಟ್ಟಿಲಾಗಿ ಬರುತ್ತೆ. ಹಾಗಾಗಿ ಗೋಪುರ, ತುಳಸಿಕಟ್ಟೆ ಚೆಂದ ಬರ್ತವೆ, ಬಳ್ಳಿ ಅಷ್ಟು ಚೆಂದ ಬರಲ್ಲ. ಇನ್ನೊಂದು, ನಿಮ್ಮ ಕೈಯ ಮನೆ ಸರಿಯಾಗಿ ಚೌಕ ಇರಬೇಕು ಅಂತೇನಿಲ್ಲ. ಕೆಲವರ ಕೈಯಲ್ಲಿ ಉದ್ದ ಆಗುತ್ತೆ, ಕೆಲವರದ್ದು ಅಗಲ. ಮೊದಲು ಹತ್ತು ಮನೆ ಅಗಲ, ಹತ್ತು ಸಾಲು ಎತ್ತರ ಹೆಣೆದು ಅಳೆದು ನೋಡಿ. ಇಲ್ಲಾಂದ್ರೆ ಆನೆ ಹೋಗಿ ಜಿರಾಫೆ ಆಗುತ್ತೆ.

ದುಂಡಗಿನದು ಬೇಕಾ? ವಿಜಯಪುರಕ್ಕೆ ಹೋಗಿ. ಗೋಳಗುಮ್ಮಟದ ಒಳಗೆ ನಿಂತು ತಲೆ ಎತ್ತಿ ನೋಡಿ. ಪಿಸುಮಾತು ಕೇಳಿಸುತ್ತಾ ಅಂತ ಕೂಗೋದು ಸ್ವಲ್ಪ ಹೊತ್ತು ಬಿಡಿ. ಕೆಳಗೆ ಚೌಕ ಕೋಣೆ, ಮೇಲೆ ದುಂಡು ಗುಮ್ಮಟ. ನಡುವೆ ಎಂಟು ಕಮಾನುಗಳು ಒಂದನ್ನೊಂದು ದಾಟಿಕೊಂಡು ಹೋಗ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕ ಓರೆಯಾಗಿ ಇಟ್ಟ ಹಾಗೆ, ಎಂಟು ಮೂಲೆಯ ನಕ್ಷತ್ರ. ಆ ನಕ್ಷತ್ರ ನೋಡ್ಕೊಂಡು ನಾನು ನೀರಿನ ತಂಬಿಗೆ ಕೆಳಗೆ ಇಡೋ ಚಾಪೆ ಹೆಣೆದೆ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳಂತೂ ನೋಡಿದ್ರೆ ಯಾರೋ ಕಲ್ಲಲ್ಲೇ ಕ್ರೋಶಾ ಹಾಕಿದ್ದಾರೆ ಅನ್ಸುತ್ತೆ.

ಹೊಸಬರಿಗೆ ಒಂದು ಚಿಕ್ಕ ಕೆಲಸ ಹೇಳ್ಲಾ? ಲಿಂಬೆಹಣ್ಣು. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಬಂದಿದೆ, ನಮ್ಮ ಚಿಗವ್ವನ ಊರಿನ ಹೆಮ್ಮೆ ಅದು. ಹಳದಿ ದಾರ ತಗೊಳ್ಳಿ. ಗಿಡ್ಡ ಹೊಲಿಗೆ, ಅಂದ್ರೆ ಅಮೆರಿಕದ ಸಿಂಗಲ್ ಕ್ರೋಶೆ. ಮೊದಲ ಸುತ್ತು 6, ಆಮೇಲೆ 12, 18, 24. ನಾಲ್ಕು ಸುತ್ತು 24ರಲ್ಲೇ ಇರಿ. ಮತ್ತೆ 18, 12ಕ್ಕೆ ಇಳಿಸಿ, ಹತ್ತಿ ತುಂಬಿ, 6ಕ್ಕೆ ಇಳಿಸಿ ಬಾಯಿ ಮುಚ್ಚಿ. ಒಂದು ಹಸಿರು ಎಲೆ. ಒಂದು ಸಂಜೆಯ ಕೆಲಸ. ಗುಂಡಗಿನ ಯಾವ ವಸ್ತುವಿನ ಲೆಕ್ಕವೂ ಇದೇ. ಸುತ್ತಿಗೆ ಆರಾರು ಹೆಚ್ಚಿಸಿದ್ರೆ ರೊಟ್ಟಿ ಥರ ಚಪ್ಪಟೆ, ಹೆಚ್ಚಿಸೋದು ನಿಲ್ಲಿಸಿದ್ರೆ ಗುಮ್ಮಟ, ಇಳಿಸಿದ್ರೆ ಲಿಂಬೆ. ಹೆಚ್ಚಿಸೋದು ಅತಿಯಾದ್ರೆ ಅಂಚು ಅಲೆ ಅಲೆಯಾಗಿ ಸುಕ್ಕುಗಟ್ಟುತ್ತೆ. ಇದೇ ಸುಕ್ಕನ್ನ ಇಟ್ಕೊಂಡು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಅನ್ನೋ ಗಣಿತಜ್ಞೆ ಹೈಪರ್‌ಬೋಲಿಕ್ ಜ್ಯಾಮಿತಿಯ ಮಾದರಿ ಹೆಣೆದರು. ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಬಹುದಾದ ಗಣಿತ. ಹಾಗಾಗಿ ನಿಮ್ಮ ಚಾಪೆ ಸುಕ್ಕಾದ್ರೆ ಬೇಜಾರು ಮಾಡ್ಕೋಬೇಡಿ, ಗಣಿತ ಮಾಡಿದೆ ಅನ್ನಿ.

‘ಟೈಂಪಾಸ್’ ಅಂತ ಯಾರು ಹೇಳಿದ್ದು?

ಇನ್ನೊಂದು ಮಾತು ಹೇಳದೆ ಮುಗಿಸೋಕೆ ಆಗಲ್ಲ. ಚಿಗವ್ವನಿಗೆ ಒಂದು ಸೀರೆ ಕುಚ್ಚಿಗೆ ಮೂರು ಸಂಜೆ ಬೇಕು. ದರ ಹೇಳಿದ್ರೆ ಬಂದೋರು ಅನ್ನೋದು, “ಮನ್ಯಾಗ ಕುಂತು ಮಾಡೂದು, ಇಷ್ಟ್ಯಾಕ್ರಿ?” ಮನೆಯಲ್ಲಿ ಕೂತು ಮಾಡಿದ್ರೆ ಬೆನ್ನು ನೋಯಲ್ವಾ?

ಇದು ನಮ್ಮ ಕಡೆ ಮಾತ್ರ ಅಲ್ಲ. ಆಂಧ್ರದ ಗೋದಾವರಿ ತೀರದಲ್ಲಿ ನರಸಾಪುರ ಅಂತ ಊರಿದೆ. ಅಲ್ಲಿನ ಕ್ರೋಶಾ ಲೇಸ್ ಬಹಳ ಕಾಲದಿಂದ ಹೊರದೇಶಕ್ಕೆ ಹೋಗ್ತಿದೆ, 2024ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಬಂತು. ಅದನ್ನ ಹೆಣೆಯೋ ಹೆಣ್ಮಕ್ಕಳ ಮೇಲೆ ಮಾರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರ್ಸಾಪುರ್’ ಅಂತ ಪುಸ್ತಕ ಬರೆದರು. ಜಗತ್ತಿನ ಮಾರುಕಟ್ಟೆಗೆ ಸರಕು ಮಾಡಿಕೊಡೋ ಆ ಹೆಣ್ಮಕ್ಕಳನ್ನ ಎಲ್ಲರೂ ನೋಡಿದ್ದು ಸುಮ್ಮನೆ ಮನೆಯಲ್ಲಿರೋ ಗೃಹಿಣಿಯರು, ಬಿಡುವಿನಲ್ಲಿ ಏನೋ ಹೆಣೀತಾರೆ ಅಂತ. ಬಿಡುವು ಅಂತ ಕರೆದ ಕೂಡಲೇ ಕೂಲಿ ಕಡಿಮೆ ಕೊಡೋದು ಸುಲಭ ಆಯ್ತು.

ಒಂದು ವಿಷಯ ಗೊತ್ತಿರಲಿ. ನಿಟಿಂಗ್‌ಗೆ ಮಷೀನ್ ಇದೆ, ಲೇಸ್‌ಗೆ ಮಷೀನ್ ಇದೆ. ನಿಜವಾದ ಕ್ರೋಶಾ ಮಾತ್ರ ಇವತ್ತಿಗೂ ಕೈಯಲ್ಲೇ ಆಗೋದು. ಅಂಗಡಿಯಲ್ಲಿ 300 ರೂಪಾಯಿಗೆ ಕ್ರೋಶಾ ಟಾಪ್ ನೇತಾಡ್ತಿದ್ರೆ ಅದರ ಹಿಂದೆ ಎಲ್ಲೋ ಒಬ್ಬರ ಕೈ ಇದೆ. ಡಿಸೈನ್ ಹುಡುಕೋವಾಗ ಅದೂ ಸ್ವಲ್ಪ ನೆನಪಿರಲಿ. ಯಾರದ್ದಾದರೂ ಡಿಸೈನ್ ನೋಡಿ ಹೆಣೆದು ಫೋಟೋ ಹಾಕಿದ್ರೆ ಅವರ ಹೆಸರು ಬರೀರಿ. ಆಯಿಯದ್ದಾದ್ರೆ ಆಯಿ ಅಂತ ಬರೀರಿ.

ತೋರಣ ಏನಾಯ್ತು?

ಮದುವೆಗೆ ಮುಗಿಯಲಿಲ್ಲ. ದಿನಕ್ಕೆ ಎರಡು ಸಾಲಿನ ಮೇಲೆ ಕೈ ಓಡ್ತಿರಲಿಲ್ಲ. ಮದುವೆ ಮನೆ ಅಂದ ಮೇಲೆ ಎಷ್ಟೋ ದಿನ ಅದೂ ಇಲ್ಲ. ಅಕ್ಕ ಹೋಗೋ ದಿನ 19 ಸಾಲು ಆಗಿತ್ತು, ಗಿಳಿಗಳಿಗೆ ಕಾಲು, ಹೊಟ್ಟೆ ಬಂದಿತ್ತು, ತಲೆ ಇರಲಿಲ್ಲ. ಹಾಗೇ ತೋರಿಸಿದೆ. ಇಬ್ಬರೂ ಅಳೋ ಹೊತ್ತಲ್ಲಿ ಅದನ್ನ ನೋಡಿ ನಕ್ವಿ.

ಜೂನ್‌ನಲ್ಲಿ ಕಾರಹುಣ್ಣಿಮೆಗೆ ಅಕ್ಕ ತವರಿಗೆ ಬಂದಳು. ಹೊರಗೆ ಎತ್ತುಗಳಿಗೆ ಗೊಂಡೆ, ಹಣೆಪಟ್ಟಿ ಕಟ್ತಿದ್ರು. ಒಳಗೆ ನಾನು ತೋರಣಕ್ಕೆ ಕೊನೆಯ ಗೊಂಡೆ ಕಟ್ತಿದ್ದೆ. ಆಯಿ ಕೈಗೆ ಕೊಟ್ಟೆ. ಅವಳಿಗೆ ಕಾಣೋದಿಲ್ಲ, ಬೆರಳಿಂದ ಒಂದೊಂದೇ ಗಿಳಿ ಮುಟ್ಟಿ ನೋಡಿದಳು. ಐದನೇದರ ಬಾಲಕ್ಕೆ ಬಂದು ನಿಂತಳು. “ಇದು ಉದ್ದ ಆತಲ್ಲ” ಅಂದಳು. ನಾನು ಹೇಳಿದೆ, ಈ ಸಲ ದಾರ ಸಾಕಾಯ್ತು ಆಯಿ.

ಈಗ ಅದು ಮುದ್ದೇಬಿಹಾಳದ ಬಾಗಿಲಲ್ಲಿದೆ. ಅಕ್ಕನ ನಾದಿನಿ ಆಗಲೇ ನೋಟ್‌ಬುಕ್‌ನ ಫೋಟೋ ಕೇಳಿದ್ದಾಳೆ, ಕಳಿಸಿದ್ದೀನಿ. ತಮ್ಮನ ಗಣಿತದ ನೋಟ್‌ಬುಕ್ ನನ್ನ ಹತ್ತಿರಾನೇ ಉಳೀತು. ಅದರಲ್ಲೀಗ ಹನ್ನೊಂದು ಡಿಸೈನ್ ಇವೆ. ಅವ್ವನ ಟಿವಿ ಮುಚ್ಚೋ ಬಟ್ಟೆಯ ಹೂವು, ಚಿಗವ್ವನ ಮೂರು ಕುಚ್ಚು, ಬಾಗೇವಾಡಿಯ ಅತ್ತೆಯೊಬ್ಬರ ಟ್ರಂಕಿನಲ್ಲಿ ಸಿಕ್ಕ ಕೂಸಿನ ಕುಂಚಿಗೆ. ಒಂದೊಂದರ ಕೆಳಗೂ ಯಾರ ಹತ್ತಿರ ಕಲಿತದ್ದು, ಯಾವ ಊರು ಅಂತ ಬರೆದಿದ್ದೀನಿ.

ನಿಮಗೆ ಈ ವಾರದ ಕೆಲಸ ಇಷ್ಟೇ. ಮನೆಯಲ್ಲಿ ಹಳೇ ಕ್ರೋಶಾ ಏನಾದರೂ ಇದ್ರೆ, ತೋರಣವೋ, ತಟ್ಟೆ ಮುಚ್ಚೋ ಬಟ್ಟೆಯೋ, ಕುಂಚಿಗೆಯೋ, ಕೆಳಗಿಳಿಸಿ. ಗಾಢ ಬಣ್ಣದ ಬಟ್ಟೆ ಮೇಲೆ ಹಾಸಿ ನೇರ ಮೇಲಿಂದ ಒಂದು ಫೋಟೋ ತೆಗೀರಿ. ಒಂದು ಚಿತ್ರ ಮಾತ್ರ ಚೌಕಳಿ ಹಾಳೆಗೆ ಇಳಿಸಿ. ಹೆಣೆದವರು ಇದ್ದರೆ ಅವರ ಪಕ್ಕ ಕೂತು ಇಳಿಸಿ. ಕಣ್ಣು ಮಂಜಾಗಿದ್ರೆ ದಪ್ಪ ದಾರ ಕೊಟ್ಟು ನೋಡಿ.

ನನ್ನ ಫೋನಿನ ಫೋಲ್ಡರ್ ಇನ್ನೂ ಇದೆ, ಸುಳ್ಳು ಹೇಳಲ್ಲ. 412ರಲ್ಲಿ 390 ಅಳಿಸಿದೆ. ಉಳಿದಿದ್ದು 22. ಸ್ವೆಟರ್ ತೋಳು ಬಿಚ್ಚಿ ಆ ದಾರದಲ್ಲಿ ತಮ್ಮನಿಗೆ ನೀರಿನ ಬಾಟಲಿ ಚೀಲ ಹೆಣೀತಿದ್ದೀನಿ. ಅವನು ನೋಟ್‌ಬುಕ್ ವಾಪಸ್ ಕೇಳ್ತಿದ್ದಾನೆ, ಅದರ ಬದಲಿಗೆ ಇದು.

ಇವತ್ತಿಗೆ ಇಷ್ಟು.